ಸಾವಿನ ಮನೆಗೆ ಬರುವ ಫಾರ್ವರ್ಡ್‌ಗಳು: ಕುಂದಾಪುರ, ಬೈಂದೂರು, ಬ್ರಹ್ಮಾವರದವರಿಗೆ ನಿಜಕ್ಕೂ ಬೇಕಾದ ಮಾಹಿತಿ ಯಾವುದು?

ಯಾರಾದರೂ ತೀರಿಕೊಂಡ ಸುದ್ದಿ ವಾಟ್ಸ್ಆ್ಯಪ್ ಗುಂಪಿಗೆ ಬಿದ್ದ ಸ್ವಲ್ಪ ಹೊತ್ತಿನಲ್ಲೇ ‘ಓಂ ಶಾಂತಿ’ಗಳ ಜೊತೆಗೆ ಬೇರೆ ಸಂದೇಶಗಳೂ ಬರತೊಡಗುತ್ತವೆ. ‘ಪಾಸ್‌ಬುಕ್ಕಿನಲ್ಲಿ 12 ಅಥವಾ 330 ರೂಪಾಯಿ ಕಡಿತವಾಗಿದ್ದರೆ 2 ಲಕ್ಷ ಸಿಗುತ್ತದೆ’, ‘ಬಿಲ್ ಕಟ್ಟದಿದ್ದರೂ ಆಸ್ಪತ್ರೆಯವರು ಶವ ಕೊಡಲೇಬೇಕು’, ‘ಕರ್ನಾಟಕದಲ್ಲಿ ಈಗ ದಯಾಮರಣ ಜಾರಿ’ ಎಂಬಂಥವು. ಇವುಗಳಲ್ಲಿ ಒಂದು ನಿಜ, ಒಂದು ಅರ್ಧ ನಿಜ, ಇನ್ನೊಂದು ತಪ್ಪು ತಿಳಿವಳಿಕೆ. ಯಾವುದು ಯಾವುದೆಂದು ಮುಂದೆ ನೋಡೋಣ.

ಎಲ್ಲಕ್ಕಿಂತ ಹೆಚ್ಚು ಉಪಯೋಗವಾಗುವ ಮಾಹಿತಿ ಮಾತ್ರ ಫಾರ್ವರ್ಡ್ ಆಗುವುದೇ ಇಲ್ಲ. ಅದು ಸತ್ತ ಮೇಲೆ ಬೇಕಾಗುವುದಲ್ಲ, ಕಾಯಿಲೆಯವರು ಇನ್ನೂ ಬದುಕಿರುವಾಗ ಬೇಕಾಗುವುದು. ಅದನ್ನೇ ಮೊದಲು ಹೇಳುತ್ತೇವೆ.

‘ಇನ್ನೇನೂ ಮಾಡಲಾಗದು, ಮನೆಗೆ ಕರೆದುಕೊಂಡು ಹೋಗಿ’ ಎಂದರೆ ಚಿಕಿತ್ಸೆ ಮುಗಿಯಿತೇ?

ಇಲ್ಲ. ರೋಗ ಗುಣಪಡಿಸುವ ಚಿಕಿತ್ಸೆ ಮುಗಿದಿರಬಹುದು. ನೋವು, ಉಬ್ಬಸ, ವಾಂತಿ, ಮಲಬದ್ಧತೆ, ಬೆನ್ನಿನ ಹುಣ್ಣು, ನಿದ್ದೆ ಬಾರದಿರುವುದು, ಭಯ ಇವಕ್ಕೆ ಕೊನೆಯ ದಿನದವರೆಗೂ ಚಿಕಿತ್ಸೆ ಇದೆ. ಇದಕ್ಕೆ ಪ್ಯಾಲಿಯೇಟಿವ್ ಕೇರ್ ಎನ್ನುತ್ತಾರೆ. ಕ್ಯಾನ್ಸರ್‌ನವರಿಗೆ ಮಾತ್ರ ಎಂಬ ತಿಳಿವಳಿಕೆ ತಪ್ಪು. ಕಿಡ್ನಿ ಕೈಕೊಟ್ಟವರಿಗೆ, ಹೃದಯ ದುರ್ಬಲವಾದವರಿಗೆ, ಪಾರ್ಶ್ವವಾಯುವಿನಿಂದ ಮಲಗಿದವರಿಗೆ, ಮರೆಗುಳಿ ರೋಗದ ಹಿರಿಯರಿಗೆ ಎಲ್ಲರಿಗೂ ಇದು ಬೇಕು.

‘ಅಲ್ಲಿಗೆ ಕಳಿಸಿದರೆ ಸಾಯಲು ಬಿಟ್ಟ ಹಾಗೆ’ ಎಂಬ ಹೆದರಿಕೆಯೂ ಇದೆ. 2010ರಲ್ಲಿ ಅಮೆರಿಕದ ವೈದ್ಯರು ಮುಂದುವರಿದ ಶ್ವಾಸಕೋಶದ ಕ್ಯಾನ್ಸರ್ ಇದ್ದ 151 ಜನರನ್ನು ಎರಡು ಗುಂಪು ಮಾಡಿ ನೋಡಿದರು. ಒಂದು ಗುಂಪಿಗೆ ಮಾಮೂಲಿ ಚಿಕಿತ್ಸೆ, ಇನ್ನೊಂದಕ್ಕೆ ಅದರ ಜೊತೆ ಮೊದಲಿನಿಂದಲೇ ಪ್ಯಾಲಿಯೇಟಿವ್ ಕೇರ್. ಎರಡನೆಯ ಗುಂಪಿನವರಲ್ಲಿ ಖಿನ್ನತೆ ಕಡಿಮೆಯಿತ್ತು, ಕೊನೆಯಲ್ಲಿ ಭಾರಿ ಚಿಕಿತ್ಸೆಗೆ ಒಳಗಾದವರೂ ಕಡಿಮೆ. ಆದರೂ ಅವರು ಬದುಕಿದ್ದು ಹೆಚ್ಚು ಕಾಲ: 8.9 ತಿಂಗಳ ಬದಲು 11.6 ತಿಂಗಳು.

ನಮ್ಮ ಕಡೆಯವರಿಗೆ ಇದು ದೂರದ ಮಾತಲ್ಲ. ಮಣಿಪಾಲದ ಕಸ್ತೂರ್ಬಾ ಆಸ್ಪತ್ರೆಯಲ್ಲಿ ಪ್ಯಾಲಿಯೇಟಿವ್ ಚಿಕಿತ್ಸೆಗೆಂದೇ ಪ್ರತ್ಯೇಕ ವಿಭಾಗವಿದೆ. ಮಣಿಪಾಲ್ ಹಾಸ್ಪೈಸ್ ಆ್ಯಂಡ್ ರೆಸ್ಪೈಟ್ ಸೆಂಟರ್ ಎಂಬ ಕೇಂದ್ರ ಇಂಥ ರೋಗಿಗಳಿಗೆ ಉಚಿತ ಆರೈಕೆ ಕೊಡಲೆಂದೇ ಇದೆ. ‘ರೆಸ್ಪೈಟ್’ ಎಂಬ ಪದವನ್ನು ಗಮನಿಸಿ. ಹಗಲು ರಾತ್ರಿ ನೋಡಿಕೊಂಡು ಬಸವಳಿದ ಮನೆಯವರಿಗೆ ಕೆಲವು ದಿನ ಉಸಿರಾಡಲು ಅವಕಾಶ ಕೊಡುವುದೂ ಇಂಥ ಕೇಂದ್ರಗಳ ಕೆಲಸ. ರೋಗಿಯನ್ನು ಅಲ್ಲಿ ಬಿಟ್ಟರೆ ‘ಅಮ್ಮನನ್ನು ಆಶ್ರಮಕ್ಕೆ ಹಾಕಿದರು’ ಎಂದು ಊರು ಆಡಿಕೊಳ್ಳಬಹುದು. ಆಡಿಕೊಳ್ಳುವವರು ರಾತ್ರಿ ಎರಡು ಗಂಟೆಗೆ ಮಗ್ಗುಲು ಬದಲಿಸಲು ಬರುವುದಿಲ್ಲ.

ಬ್ರಹ್ಮಾವರದವರಿಗೆ ಮಣಿಪಾಲ ಹತ್ತಿರ. ಬೈಂದೂರಿನವರಿಗೆ 70 ಕಿ.ಮೀ. ಆಸುಪಾಸು, ಕೊಲ್ಲೂರು, ಅಮಾಸೆಬೈಲು ಕಡೆಯಿಂದ ಹಾಸಿಗೆ ಹಿಡಿದವರನ್ನು ಕರೆದೊಯ್ಯುವುದು ಸುಲಭವಲ್ಲ. ಹಾಗಾಗಿ ಆಸ್ಪತ್ರೆಯಿಂದ ಮನೆಗೆ ಬರುವ ದಿನವೇ ಮೂರು ವಿಷಯ ಕೇಳಿ ಬರೆಸಿಕೊಳ್ಳಿ. ನೋವು ಹೆಚ್ಚಾದರೆ ಯಾವ ಮಾತ್ರೆ, ಎಷ್ಟು? ರಾತ್ರಿ ತೊಂದರೆಯಾದರೆ ಯಾವ ನಂಬರಿಗೆ ಫೋನ್ ಮಾಡಬೇಕು? ರೋಗಿಯ ಬದಲು ಮನೆಯವರೊಬ್ಬರೇ ಬಂದು ಔಷಧಿ ಒಯ್ಯಬಹುದೇ? ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೂ ಆಶಾ ಕಾರ್ಯಕರ್ತೆಗೂ ತಿಳಿಸಿಡಿ. ಆಯುಷ್ಮಾನ್ ಆರೋಗ್ಯ ಮಂದಿರಗಳು ಕೊಡಬೇಕಾದ ಸೇವೆಗಳಲ್ಲಿ ಹಿರಿಯರ ಆರೈಕೆ ಮತ್ತು ಪ್ಯಾಲಿಯೇಟಿವ್ ಕೇರ್ ಎರಡೂ ಸೇರಿವೆ. ಕುಂದಾಪುರದ ಸರಕಾರಿ ಆಸ್ಪತ್ರೆ, ಬೈಂದೂರು ಮತ್ತು ಬ್ರಹ್ಮಾವರದ ಸಮುದಾಯ ಆರೋಗ್ಯ ಕೇಂದ್ರಗಳಲ್ಲಿ ಮೂತ್ರದ ನಳಿಕೆ ಬದಲಿಸುವುದು, ಹುಣ್ಣಿಗೆ ಡ್ರೆಸಿಂಗ್‌ನಂಥ ಕೆಲಸ ಆಗುತ್ತದೆಯೇ ಎಂದು ಮೊದಲೇ ವಿಚಾರಿಸಿದರೆ ಪ್ರತಿ ಸಲ ಮಣಿಪಾಲಕ್ಕೆ ಓಡುವುದು ತಪ್ಪುತ್ತದೆ.

ಮಾರ್ಫಿನ್ ಕೊಟ್ಟರೆ ಬೇಗ ಸಾಯುತ್ತಾರೆಯೇ?

ನಾವು ನೋಡಿದ ತಪ್ಪು ತಿಳಿವಳಿಕೆಗಳಲ್ಲಿ ಅತಿ ಕ್ರೂರವಾದದ್ದು ಇದೇ. ವೈದ್ಯರು ಬರೆದುಕೊಟ್ಟ ಮಾತ್ರೆಯನ್ನು ‘ಅದು ಡ್ರಗ್ಸ್, ಚಟ ಹತ್ತುತ್ತದೆ’ ಎಂದು ಬಚ್ಚಿಟ್ಟು, ರೋಗಿ ರಾತ್ರಿಯಿಡೀ ನರಳಿದ ಮನೆಗಳಿವೆ.

ಕ್ಯಾನ್ಸರ್‌ನ ತೀವ್ರ ನೋವಿಗೆ ಮಾರ್ಫಿನ್ ಜಗತ್ತಿನಾದ್ಯಂತ ಒಪ್ಪಿತವಾದ ಔಷಧಿ, ವಿಶ್ವ ಆರೋಗ್ಯ ಸಂಸ್ಥೆಯ ಅಗತ್ಯ ಔಷಧಿಗಳ ಪಟ್ಟಿಯಲ್ಲೂ ಇದೆ. ಕಡಿಮೆ ಪ್ರಮಾಣದಲ್ಲಿ ಶುರುಮಾಡಿ ನೋವು ತಗ್ಗುವವರೆಗೆ ಸ್ವಲ್ಪ ಸ್ವಲ್ಪವೇ ಏರಿಸುತ್ತಾರೆ. ಹೀಗೆ ವೈದ್ಯರ ಲೆಕ್ಕದಲ್ಲಿ ಕೊಟ್ಟಾಗ ಅದು ಆಯುಷ್ಯ ಕಡಿಮೆ ಮಾಡುವುದಿಲ್ಲ, ಚಟವಾಗುವುದೂ ಅಪರೂಪ. ಮೊದಲ ಕೆಲವು ದಿನ ಮಂಪರು, ವಾಕರಿಕೆ ಇರಬಹುದು. ಮಲಬದ್ಧತೆ ಮಾತ್ರ ಬಹುತೇಕ ಎಲ್ಲರಿಗೂ ಆಗುತ್ತದೆ, ಅದಕ್ಕೆ ಜೊತೆಯಲ್ಲೇ ಔಷಧಿ ಕೊಡುತ್ತಾರೆ. ಕೊನೆಯ ದಿನಗಳಲ್ಲಿ ಕೊಡುವುದರಿಂದ ‘ಮಾರ್ಫಿನ್ ಕೊಟ್ಟರು, ಹೋದರು’ ಎಂಬ ಮಾತು ಹುಟ್ಟಿದೆ. ಹೋಗುವುದು ಕಾಯಿಲೆಯಿಂದ.

ಊರಿನ ಮೆಡಿಕಲ್ ಶಾಪಿನಲ್ಲಿ ಇದು ಸಿಗುವುದಿಲ್ಲ ಎಂಬುದು ನಿಜ. ಮಾದಕ ವಸ್ತುಗಳ ಕಾಯ್ದೆ 1985ರಲ್ಲಿ ಬಂದ ಮೇಲೆ ಆಸ್ಪತ್ರೆಗಳೇ ಪರವಾನಗಿಗಳ ಗೋಜಿಗೆ ಹೆದರಿ ಮಾರ್ಫಿನ್ ಇಡುವುದನ್ನು ಬಿಟ್ಟಿದ್ದವು. 2014ರ ತಿದ್ದುಪಡಿ ಅದನ್ನು ಸರಳಗೊಳಿಸಿತು. ಮಾನ್ಯತೆ ಪಡೆದ ಆಸ್ಪತ್ರೆಗಳು ಈಗ ಇದನ್ನು ಇಟ್ಟು ಕೊಡಬಹುದು. ಕೊಟ್ಟ ಮಾತ್ರೆಗಳನ್ನು ಬೀಗ ಹಾಕಿ ಇಡಿ, ಉಳಿದದ್ದನ್ನು ಆಸ್ಪತ್ರೆಗೆ ಮರಳಿಸಿ, ಬೇರೆಯವರ ಸೊಂಟ ನೋವಿಗೆ ದಾನ ಮಾಡಬೇಡಿ.

ಕೊನೆಯ ದಿನಗಳಲ್ಲಿ: ನೀರು, ಗ್ಲೂಕೋಸ್, ಗೊರಗೊರ ಸದ್ದು

‘ಊಟ ಬಿಟ್ಟರು, ಅದಕ್ಕೇ ಸೋತರು’ ಎಂದು ಮನೆಯವರು ಹೇಳುತ್ತಾರೆ. ನಡೆಯುವುದು ತಿರುಗಾಮುರುಗ: ದೇಹ ಮುಚ್ಚಿಕೊಳ್ಳತೊಡಗಿದಾಗ ಹಸಿವು, ಬಾಯಾರಿಕೆ ತಾವಾಗಿಯೇ ಹೋಗುತ್ತವೆ. ಆಗ ‘ಒಂದು ಬಾಟ್ಲಿ ಗ್ಲೂಕೋಸ್ ಹಾಕಿಸಿ’ ಎಂಬ ಒತ್ತಾಯ ಶುರುವಾಗುತ್ತದೆ. ಅರ್ಧ ಲೀಟರಿನ ಶೇ. 5ರ ಗ್ಲೂಕೋಸ್ ಬಾಟಲಿಯಲ್ಲಿರುವುದು 25 ಗ್ರಾಂ ಸಕ್ಕರೆ, ಸುಮಾರು 100 ಕ್ಯಾಲೊರಿ, ಅಂದರೆ ಹೆಚ್ಚುಕಡಿಮೆ ಎರಡು ಇಡ್ಲಿಯಷ್ಟು. ಹೃದಯ, ಕಿಡ್ನಿ ಸೋತಿದ್ದರೆ ಆ ನೀರು ಶ್ವಾಸಕೋಶದಲ್ಲಿ, ಕಾಲಿನಲ್ಲಿ ತುಂಬಿಕೊಂಡು ತೊಂದರೆಯೇ ಹೆಚ್ಚುತ್ತದೆ.

ಬಾಯಿಗೆ ಗಂಗಾಜಲ, ತುಳಸಿ ತೀರ್ಥ ಬಿಡುವ ಪದ್ಧತಿಯ ಬಗ್ಗೆಯೂ ಒಂದು ಮಾತು. ಎಚ್ಚರವಿಲ್ಲದವರಿಗೆ ನುಂಗುವ ಶಕ್ತಿ ಇರುವುದಿಲ್ಲ. ಬಂದ ಹತ್ತು ಜನರೂ ಒಂದೊಂದು ಚಮಚ ಬಿಟ್ಟರೆ ಅದು ಶ್ವಾಸನಾಳಕ್ಕೆ ಇಳಿದು ಉಸಿರುಗಟ್ಟಬಹುದು. ಹತ್ತಿಯನ್ನೋ ತುಳಸಿ ಎಲೆಯನ್ನೋ ಅದ್ದಿ ತುಟಿ ಒದ್ದೆ ಮಾಡಿದರೆ ಸಂಪ್ರದಾಯವೂ ಉಳಿಯುತ್ತದೆ, ರೋಗಿಗೆ ಹಿತವೂ ಆಗುತ್ತದೆ.

ಗಂಟಲಲ್ಲಿ ಗೊರಗೊರ ಸದ್ದು, ಉಸಿರು ನಿಂತು ನಿಂತು ಬರುವುದು, ಕೈಕಾಲು ತಣ್ಣಗಾಗುವುದು ಇವೆಲ್ಲ ಸಾವು ಹತ್ತಿರವಾದ ಲಕ್ಷಣಗಳು. ಸದ್ದು ಕೇಳುವವರಿಗೆ ಸಂಕಟವಾಗುತ್ತದೆ, ಎಚ್ಚರ ತಪ್ಪಿದ ರೋಗಿಗೆ ಅದರ ಅರಿವು ಸಾಮಾನ್ಯವಾಗಿ ಇರುವುದಿಲ್ಲ. ಒಂದು ಬದಿಗೆ ಹೊರಳಿಸಿ ಮಲಗಿಸಿದರೆ ಕಡಿಮೆಯಾಗುತ್ತದೆ. ಮಾತಾಡಬಹುದು, ಕೈ ಹಿಡಿದುಕೊಳ್ಳಬಹುದು.

ಕರ್ನಾಟಕದಲ್ಲಿ ‘ದಯಾಮರಣ’ ಜಾರಿಯಾಗಿದೆಯೇ?

ಇಂಜೆಕ್ಷನ್ ಕೊಟ್ಟು ಸಾಯಿಸುವ ಅರ್ಥದಲ್ಲಿ ಇಲ್ಲ, ಅದು ಭಾರತದಲ್ಲಿ ಎಲ್ಲೂ ಕಾನೂನುಬದ್ಧವಲ್ಲ. ಸುಪ್ರೀಂ ಕೋರ್ಟ್ 2018ರ ಮಾರ್ಚ್ 9ರಂದು ಒಪ್ಪಿದ್ದು ಬೇರೆ ವಿಷಯ. ಗುಣವಾಗುವ ಆಸೆಯೇ ಇಲ್ಲದ ರೋಗಿಗೆ ವೆಂಟಿಲೇಟರ್‌ನಂಥ ಯಂತ್ರಗಳನ್ನು ಹಾಕದಿರಲು ಅಥವಾ ತೆಗೆಯಲು, ವೈದ್ಯರ ಎರಡು ಮಂಡಳಿಗಳ ಒಪ್ಪಿಗೆಯೊಂದಿಗೆ ಅವಕಾಶವಿದೆ. 2023ರ ಜನವರಿಯಲ್ಲಿ ಕೋರ್ಟ್ ಈ ವಿಧಾನವನ್ನು ಸರಳಗೊಳಿಸಿತು. 2025ರ ಜನವರಿ 30ರಂದು ಕರ್ನಾಟಕದ ಆರೋಗ್ಯ ಇಲಾಖೆ ಅದನ್ನು ಆಸ್ಪತ್ರೆಗಳಲ್ಲಿ ಅನುಸರಿಸಲು ಸುತ್ತೋಲೆ ಹೊರಡಿಸಿತು. ಫಾರ್ವರ್ಡ್ ಹುಟ್ಟಿದ್ದು ಅಲ್ಲಿಂದ.

ನಿಮಗೆ ಬೇಕಾದ ಭಾಗ ಇದು: ‘ನನಗೆ ಪ್ರಜ್ಞೆ ಇಲ್ಲದ ಸ್ಥಿತಿ ಬಂದರೆ ಏನು ಮಾಡಬೇಕು, ಏನು ಮಾಡಬಾರದು’ ಎಂದು ಆರೋಗ್ಯವಾಗಿರುವಾಗಲೇ ಬರೆದಿಡಬಹುದು. ಇದಕ್ಕೆ ಲಿವಿಂಗ್ ವಿಲ್ ಎನ್ನುತ್ತಾರೆ. ಇಬ್ಬರು ಸಾಕ್ಷಿಗಳ ಎದುರು ಸಹಿ ಮಾಡಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಿಸಿದರೆ ಸಾಕು. ನಿಮ್ಮ ಪರವಾಗಿ ಮಾತಾಡಬೇಕಾದವರ ಹೆಸರನ್ನು ಅದರಲ್ಲಿ ಬರೆಯಬೇಕು. ಆಸ್ತಿಯ ಉಯಿಲಿಗೂ ಇದಕ್ಕೂ ಸಂಬಂಧವಿಲ್ಲ. ಮುಂಬೈ, ಬೆಂಗಳೂರು, ದುಬೈಯಲ್ಲಿ ಮಕ್ಕಳಿರುವ ಮನೆಗಳಲ್ಲಿ ಐಸಿಯು ಹೊರಗೆ ಫೋನಿನಲ್ಲೇ ಜಗಳವಾಗುವುದನ್ನು ಈ ಒಂದು ಹಾಳೆ ತಪ್ಪಿಸಬಲ್ಲದು.

ಮನೆಯಲ್ಲಿ ತೀರಿಕೊಂಡರೆ ಮೊದಲು ಯಾರಿಗೆ ಫೋನ್?

ಪೊಲೀಸರಿಗಲ್ಲ. ಕಾಯಿಲೆಯಿಂದ, ವಯಸ್ಸಾಗಿ ಸತ್ತರೆ ಪೋಸ್ಟ್‌ಮಾರ್ಟಂ ಬೇಕಿಲ್ಲ. ಅಪಘಾತ, ಬಿದ್ದು ಪೆಟ್ಟಾದದ್ದು, ನೀರಿಗೆ ಬಿದ್ದದ್ದು, ಹಾವು ಕಡಿತ, ವಿಷ, ಆತ್ಮಹತ್ಯೆ, ಅನುಮಾನ ಇದ್ದಾಗ ಮಾತ್ರ ಪೊಲೀಸರಿಗೆ ತಿಳಿಸಲೇಬೇಕು. ಅವರು ಬರುವ ಮೊದಲು ಸುಟ್ಟುಬಿಟ್ಟರೆ ವಿಮೆಯೂ ಹೋಗುತ್ತದೆ, ಕೇಸೂ ಬೀಳಬಹುದು.

ಮೊದಲ ಫೋನ್ ಕೊನೆಯ ಕಾಯಿಲೆಗೆ ಚಿಕಿತ್ಸೆ ಕೊಟ್ಟ ವೈದ್ಯರಿಗೆ. ಸಾವಿನ ಕಾರಣದ ಪ್ರಮಾಣಪತ್ರವನ್ನು ಅವರು ಶುಲ್ಕವಿಲ್ಲದೆ ಕೊಡಬೇಕೆಂದು 1969ರ ಜನನ ಮರಣ ನೋಂದಣಿ ಕಾಯ್ದೆಯೇ ಹೇಳುತ್ತದೆ.

ಎರಡನೇ ಫೋನ್, ಮನೆಯವರು ಒಪ್ಪಿದರೆ, ನೇತ್ರದಾನಕ್ಕೆ. ಮಣಿಪಾಲ ಅಥವಾ ಉಡುಪಿಯ ದೊಡ್ಡ ಆಸ್ಪತ್ರೆಯ ಕಣ್ಣಿನ ವಿಭಾಗಕ್ಕೆ ಹೇಳಿದರೆ ಐ ಬ್ಯಾಂಕಿಗೆ ತಲುಪಿಸುತ್ತಾರೆ. ಸುಮಾರು ಆರು ಗಂಟೆಯೊಳಗೆ ಆಗಬೇಕು. ಅಲ್ಲಿಯವರೆಗೆ ರೆಪ್ಪೆ ಮುಚ್ಚಿ ಮೇಲೆ ಒದ್ದೆ ಹತ್ತಿ ಇಡಿ, ಫ್ಯಾನ್ ಆರಿಸಿ, ತಲೆಯಡಿ ದಿಂಬು ಕೊಡಿ. ಮುಖ ವಿಕಾರವಾಗುವುದಿಲ್ಲ. ಕನ್ನಡಕದವರು, ಸಕ್ಕರೆ ಕಾಯಿಲೆಯವರು, ಪೊರೆಯ ಆಪರೇಷನ್ ಆದವರು ಕೊಡಬಹುದು. 2021ರಲ್ಲಿ ಪುನೀತ್ ರಾಜ್‌ಕುಮಾರ್ ಅವರ ಎರಡು ಕಣ್ಣುಗಳು ನಾಲ್ವರಿಗೆ ದೃಷ್ಟಿ ಕೊಟ್ಟದ್ದು ನೆನಪಿರಬಹುದು. ‘ಮುಂದಿನ ಜನ್ಮದಲ್ಲಿ ಕುರುಡರಾಗುತ್ತಾರೆ’ ಎನ್ನುವವರಿಗೆ ವಿಜ್ಞಾನ ಉತ್ತರ ಕೊಡಲಾರದು. ಈ ಜನ್ಮದಲ್ಲಿ ನಾಲ್ವರು ನೋಡುತ್ತಿದ್ದಾರೆ ಎನ್ನಬಹುದು.

ಸುಡುವುದಾದರೆ ಪೇಸ್‌ಮೇಕರ್ ಇದೆಯೇ ನೋಡಿ. ಬೆಂಕಿಯಲ್ಲಿ ಅದರ ಬ್ಯಾಟರಿ ಸಿಡಿಯುತ್ತದೆ, ವೈದ್ಯರಿಂದ ಮೊದಲೇ ತೆಗೆಸಬೇಕು. ಹೂಳುವುದಾದರೆ ಈ ಅಪಾಯವಿಲ್ಲ. ‘ಶವ ಇಟ್ಟ ಮನೆಯಲ್ಲಿ ವಿಷಗಾಳಿ’ ಎಂಬ ಮಾತಿಗೆ ಆಧಾರವಿಲ್ಲ. ಕಾಲರಾದಂಥ ಕೆಲವು ಸೋಂಕುಗಳನ್ನು ಬಿಟ್ಟರೆ ಶವದಿಂದ ರೋಗ ಹರಡುವ ಭಯ ಬೇಡ, ಮುಟ್ಟಿದವರು ಸೋಪು ಹಾಕಿ ಕೈ ತೊಳೆದರೆ ಸಾಕು. ಮುಂಬೈಯಿಂದ ಮಗ ಬರುವವರೆಗೆ ಕಾಯಬೇಕಾದರೆ ಫ್ರೀಜರ್ ಬಾಕ್ಸ್ ಬಾಡಿಗೆಗೆ ತರಿಸಿ, ಕರೆಂಟು ಹೋಗುವ ಮಳೆಗಾಲದಲ್ಲಿ ಜನರೇಟರ್ ಇದೆಯೇ ಎಂದೂ ಕೇಳಿ.

ಶವ ಸಾಗಿಸಲು 108ಕ್ಕೆ ಫೋನ್ ಮಾಡಬೇಡಿ, ಅದು ಬದುಕಿರುವ ರೋಗಿಗಳಿಗೆ. ಖಾಸಗಿ ಆಂಬುಲೆನ್ಸ್‌ನವರ ಹತ್ತಿರ ಹೊರಡುವ ಮೊದಲೇ ಬಾಡಿಗೆ ಮಾತಾಡಿ. ಬೆಂಗಳೂರಿನಿಂದ ಕುಂದಾಪುರಕ್ಕೆ 400 ಕಿ.ಮೀ. ಹೆಚ್ಚುಕಡಿಮೆ, ದುಃಖದಲ್ಲಿರುವವರು ಚೌಕಾಸಿ ಮಾಡುವುದಿಲ್ಲ ಎಂಬುದು ಎಲ್ಲರಿಗೂ ಗೊತ್ತು. ಮಾತಾಡುವ ಕೆಲಸವನ್ನು ನೆರೆಮನೆಯವರಿಗೆ ಬಿಡಿ.

ಇನ್ನು ಆಸ್ಪತ್ರೆ ಬಿಲ್ಲಿನ ಫಾರ್ವರ್ಡ್: ಇದು ನಿಜ. ಖಾಸಗಿ ವೈದ್ಯಕೀಯ ಸಂಸ್ಥೆಗಳ ಕರ್ನಾಟಕದ ಕಾಯ್ದೆಗೆ 2017ರಲ್ಲಿ ತಂದ ತಿದ್ದುಪಡಿಯ ಪ್ರಕಾರ, ಬಾಕಿ ಕಟ್ಟಿದರೆ ಮಾತ್ರ ಶವ ಕೊಡುತ್ತೇವೆ ಎನ್ನುವಂತಿಲ್ಲ. ಆದರೆ ಬಿಲ್ ಮನ್ನಾ ಆಗುವುದಿಲ್ಲ, ಆಸ್ಪತ್ರೆ ಆಮೇಲೆ ವಸೂಲಿ ಮಾಡಬಹುದು. ತಡೆದರೆ ದೂರು ಜಿಲ್ಲಾಧಿಕಾರಿ ಅಧ್ಯಕ್ಷರಾಗಿರುವ ಜಿಲ್ಲಾ ಪ್ರಾಧಿಕಾರಕ್ಕೆ.

ಮರಣ ಪ್ರಮಾಣಪತ್ರ: 21 ದಿನ ಮರೆಯಬೇಡಿ

ಹದಿಮೂರನೇ ದಿನದ ಊಟ ಮುಗಿಸಿ ನೋಡೋಣ ಎನ್ನುವವರಿಗೆ ಕಾನೂನು 21 ದಿನ ಕೊಟ್ಟಿದೆ. ದಾಟಿದರೆ 30 ದಿನದವರೆಗೆ ದಂಡ ಕಟ್ಟಿ, ಒಂದು ವರ್ಷದವರೆಗೆ ಮೇಲಧಿಕಾರಿಯ ಅನುಮತಿ ಪಡೆದು, ಆಮೇಲೆ ಮ್ಯಾಜಿಸ್ಟ್ರೇಟ್ ಆದೇಶ ತಂದು ನೋಂದಾಯಿಸಬೇಕು. ಹಳ್ಳಿಯಲ್ಲಾದರೆ ಗ್ರಾಮ ಪಂಚಾಯಿತಿ ಅಥವಾ ಗ್ರಾಮ ಆಡಳಿತ ಅಧಿಕಾರಿ, ಪೇಟೆಯಲ್ಲಾದರೆ ಪುರಸಭೆ, ಪಟ್ಟಣ ಪಂಚಾಯಿತಿ.

ಹೆಚ್ಚಿನವರು ಎಡವುವುದು ಇಲ್ಲಿ: ನೋಂದಣಿ ಆಗುವುದು ಸಾವು ನಡೆದ ಜಾಗದಲ್ಲಿ, ಊರಿನಲ್ಲಲ್ಲ. ಬೈಂದೂರಿನವರು ಮಣಿಪಾಲದಲ್ಲಿ ತೀರಿಕೊಂಡರೆ ಬೈಂದೂರಿನ ಕಚೇರಿಗೆ ಎಷ್ಟು ಸಲ ಅಲೆದರೂ ಸಿಗದು. ಅಲ್ಲಿ ಆಸ್ಪತ್ರೆಯೇ ವರದಿ ಕೊಡುತ್ತದೆ. ಆಸ್ಪತ್ರೆ ಬಿಡುವ ಮೊದಲು ಹೆಸರಿನ ಅಕ್ಷರ ಆಧಾರ್ ಮತ್ತು ಪಹಣಿಗೆ ಹೊಂದುತ್ತದೆಯೇ ನೋಡಿಕೊಳ್ಳಿ. ‘ಪೂಜಾರ್ತಿ’ಯೋ ‘ಪೂಜಾರಿ’ಯೋ ಎಂಬ ಒಂದು ವ್ಯತ್ಯಾಸ ಬ್ಯಾಂಕಿನಲ್ಲಿ ತಿಂಗಳುಗಟ್ಟಲೆ ಕಾಡಬಲ್ಲದು. ನಾಲ್ಕೈದು ಪ್ರತಿ ಇಟ್ಟುಕೊಳ್ಳಿ.

ಸಮುದ್ರಕ್ಕೆ ಹೋದವರು ಮರಳದಿದ್ದಾಗ ಕಷ್ಟ ಬೇರೆಯೇ. ಶವ ಸಿಗದಿದ್ದರೆ ಪ್ರಮಾಣಪತ್ರ ಸುಲಭವಾಗಿ ಸಿಗುವುದಿಲ್ಲ. ಏಳು ವರ್ಷ ಸುದ್ದಿಯಿಲ್ಲದವರನ್ನು ಕಾನೂನು ಸತ್ತವರೆಂದು ಭಾವಿಸುತ್ತದೆ. ಅದಕ್ಕೇ ಗಂಗೊಳ್ಳಿಯ ಕರಾವಳಿ ಕಾವಲು ಪೊಲೀಸ್ ಠಾಣೆಯಲ್ಲಿ ದೂರು ದಾಖಲಾಗುವುದು, ಮೀನುಗಾರಿಕಾ ಇಲಾಖೆಗೆ ತಿಳಿಸುವುದು ಮೊದಲ ದಿನವೇ ಆಗಬೇಕು. ಮುಂದಿನ ಎಲ್ಲ ಅರ್ಜಿಗೂ ಆ ದಿನಾಂಕವೇ ಆಧಾರ.

12 ರೂಪಾಯಿ, 330 ರೂಪಾಯಿಯ ಫಾರ್ವರ್ಡ್

ಅರ್ಧ ನಿಜ. ಇವು ಪ್ರಧಾನ ಮಂತ್ರಿಯ ಹೆಸರಿನ ಎರಡು ವಿಮೆಗಳ ಹಳೆಯ ಕಂತು. 2022ರ ಜೂನ್‌ನಿಂದ ಅವು 20 ಮತ್ತು 436 ರೂಪಾಯಿ ಆಗಿವೆ. ಹಳೆಯ ಅಂಕಿ ಹುಡುಕಿದವರು ‘ಇಲ್ಲ’ ಎಂದು ಕೈಬಿಟ್ಟರೆ ನಷ್ಟ ಅವರದ್ದೇ. 436ರದ್ದು ಜೀವನ ಜ್ಯೋತಿ: 18ರಿಂದ 50ರೊಳಗೆ ಸೇರಿ 55ರವರೆಗೆ ನಡೆಸಬಹುದು, ಯಾವ ಕಾರಣದ ಸಾವಿಗೂ 2 ಲಕ್ಷ (ಸೇರಿದ ಮೊದಲ 30 ದಿನ ಅಪಘಾತಕ್ಕೆ ಮಾತ್ರ). 20ರದ್ದು ಸುರಕ್ಷಾ ಬಿಮಾ: ಅಪಘಾತದ ಸಾವಿಗೆ ಮಾತ್ರ 2 ಲಕ್ಷ. ಖಾತೆ ಇದ್ದ ಶಾಖೆಯಲ್ಲೇ ಅರ್ಜಿ. 80 ದಾಟಿದ ಅಜ್ಜಿ ವಯೋಸಹಜವಾಗಿ ತೀರಿಕೊಂಡರೆ ಎರಡೂ ಸಿಗುವುದಿಲ್ಲ.

ಫಾರ್ವರ್ಡ್‌ಗಳಲ್ಲಿ ಕಾಣದ, ನಮ್ಮ ಕಡೆ ಹೆಚ್ಚು ಬೇಕಾದದ್ದು ಪಿಎಫ್‌ನ ವಿಮೆ. ಗೇರುಬೀಜ ಕಾರ್ಖಾನೆಯಲ್ಲೋ ಹೆಂಚಿನ ಕಾರ್ಖಾನೆಯಲ್ಲೋ ಪಿಎಫ್ ಕಟ್ಟುತ್ತಿದ್ದವರು ಕೆಲಸದಲ್ಲಿರುವಾಗಲೇ ತೀರಿಕೊಂಡರೆ, ಪಿಎಫ್ ಹಣ ಮತ್ತು ಕುಟುಂಬ ಪಿಂಚಣಿಯಲ್ಲದೆ ಇಡಿಎಲ್ಐ ಎಂಬ ವಿಮೆಯಿಂದ 7 ಲಕ್ಷದವರೆಗೂ ಬರಬಹುದು. ಕಾರ್ಖಾನೆಯ ಆಫೀಸಿನಲ್ಲಿ ಈ ಹೆಸರು ಹೇಳಿಯೇ ಕೇಳಿ. ನೋಂದಾಯಿತ ಮೀನುಗಾರರಿಗೆ ಮತ್ಸ್ಯ ಸಂಪದದ ಗುಂಪು ವಿಮೆಯಲ್ಲಿ ಅಪಘಾತದ ಸಾವಿಗೆ 5 ಲಕ್ಷ. ಬಡತನ ರೇಖೆಗಿಂತ ಕೆಳಗಿನ ಮನೆಯ ದುಡಿಯುವ ವ್ಯಕ್ತಿ 18ರಿಂದ 59ರೊಳಗೆ ತೀರಿಕೊಂಡರೆ ರಾಷ್ಟ್ರೀಯ ಕುಟುಂಬ ನೆರವು ಯೋಜನೆಯಲ್ಲಿ 20,000, ನಾಡಕಚೇರಿಯಲ್ಲಿ ವಿಚಾರಿಸಿ. ಗಲ್ಫ್‌ಗೆ ವಲಸೆ ಅನುಮತಿಯೊಂದಿಗೆ ಹೋದ ಕಾರ್ಮಿಕರಿಗೆ ಪ್ರವಾಸಿ ಭಾರತೀಯ ಬಿಮಾ ಯೋಜನೆಯಲ್ಲಿ ಅಪಘಾತದ ಸಾವಿಗೆ 10 ಲಕ್ಷ; ಶವ ತರಲು ದುಡ್ಡಿಲ್ಲದಿದ್ದರೆ ಅಲ್ಲಿನ ಭಾರತೀಯ ದೂತಾವಾಸದ ಕಲ್ಯಾಣ ನಿಧಿಗೆ ಅರ್ಜಿ ಹಾಕಬಹುದು.

ಈ ಯಾವುದಕ್ಕೂ ಒಟಿಪಿ ಬೇಕಿಲ್ಲ, ಮುಂಗಡ ಹಣವೂ ಬೇಕಿಲ್ಲ. ಪತ್ರಿಕೆಯ ಶ್ರದ್ಧಾಂಜಲಿ ನೋಡಿ ‘ವಿಮೆ ಕಚೇರಿಯಿಂದ’ ಎಂದು ಫೋನ್ ಮಾಡುವವರನ್ನು ನಂಬಬೇಡಿ.

ಬೊಜ್ಜ ಮುಗಿದ ಮೇಲೆ

ಉತ್ತರಕ್ರಿಯೆಯವರೆಗೆ ಮನೆ ತುಂಬ ಜನ. ಮಯ್ಯತ್ ಆದ ಮನೆಯಲ್ಲೂ, ಇಗರ್ಜಿಯ ಪೂಜೆ ಮುಗಿದ ಮನೆಯಲ್ಲೂ ಹಾಗೆಯೇ. ಶಾಮಿಯಾನ ಬಿಚ್ಚಿದ ಮೇಲೆ ನಿಜವಾದ ಒಂಟಿತನ ಶುರುವಾಗುತ್ತದೆ. ಹೋಗಿ ಬರುವುದಾದರೆ ಆಗ ಹೋಗಿ.

‘ದುಃಖಕ್ಕೆ ಐದು ಹಂತಗಳಿವೆ’ ಎಂಬ ಚಿತ್ರವನ್ನು ನೀವೂ ನೋಡಿರಬಹುದು. ಎಲಿಜಬೆತ್ ಕೂಬ್ಲರ್ ರಾಸ್ 1969ರಲ್ಲಿ ಅದನ್ನು ಬರೆದದ್ದು ಸಾಯುತ್ತಿರುವ ರೋಗಿಗಳ ಬಗ್ಗೆ, ಉಳಿದವರ ಬಗ್ಗೆ ಅಲ್ಲ. ದುಃಖ ಮೆಟ್ಟಿಲಿನಂತೆ ಕ್ರಮವಾಗಿ ಇಳಿಯುವುದಿಲ್ಲ. ತೀರಿಕೊಂಡವರ ದನಿ ಕೇಳಿದಂತೆ, ಜಗಲಿಯಲ್ಲಿ ಕೂತಂತೆ ಅನಿಸುವುದು ಹುಚ್ಚಲ್ಲ, ಪ್ರೇತಬಾಧೆಯೂ ಅಲ್ಲ. 1971ರಲ್ಲಿ ವೇಲ್ಸ್‌ನ ವೈದ್ಯರೊಬ್ಬರು ಸಂಗಾತಿ ಕಳೆದುಕೊಂಡ 293 ಜನರನ್ನು ಕೇಳಿದಾಗ ಅರ್ಧದಷ್ಟು ಮಂದಿ ಇಂಥ ಅನುಭವ ಹೇಳಿದ್ದರು. ಮಂತ್ರವಾದಿಗೆ ದುಡ್ಡು ಸುರಿಯಬೇಕಿಲ್ಲ.

ಆದರೆ ಆರು ತಿಂಗಳು, ವರ್ಷ ಕಳೆದರೂ ದಿನದ ಕೆಲಸವೇ ಸಾಗದಿದ್ದರೆ, ಕುಡಿತ ಹೆಚ್ಚಿದರೆ, ‘ನಾನೂ ಹೋಗುತ್ತೇನೆ’ ಎಂಬ ಮಾತು ಬಂದರೆ ವೈದ್ಯರ ಸಹಾಯ ಬೇಕು. ಆ ಮಾತು ಬಂದ ದಿನ ಅವರನ್ನು ಒಂಟಿಯಾಗಿ ಬಿಡಬೇಡಿ, ಆರು ತಿಂಗಳು ಕಾಯಲೂ ಬೇಡಿ. ಟೆಲಿ ಮಾನಸ್ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ, ಕನ್ನಡದಲ್ಲೇ ಮಾತಾಡಬಹುದು. ಹಿರಿಯರ ಸಹಾಯವಾಣಿ 14567. ಉಡುಪಿಯ ದೊಡ್ಡಣಗುಡ್ಡೆಯ ಡಾ. ಎ.ವಿ. ಬಾಳಿಗಾ ಆಸ್ಪತ್ರೆಯಲ್ಲಿ, ಜಿಲ್ಲಾ ಆಸ್ಪತ್ರೆಯಲ್ಲಿ, ಮಣಿಪಾಲದಲ್ಲಿ ಮನೋವೈದ್ಯರಿದ್ದಾರೆ.

ಮಕ್ಕಳಿಗೆ ‘ಅಜ್ಜ ಮಲಗಿದ್ದಾರೆ’, ‘ಬೊಂಬಾಯಿಗೆ ಹೋಗಿದ್ದಾರೆ’ ಎನ್ನಬೇಡಿ. ಮಲಗಲು ಹೆದರುವ, ಯಾರಾದರೂ ಬಸ್ಸು ಹತ್ತಿದರೆ ಅಳುವ ಮಕ್ಕಳಾಗುತ್ತಾರೆ. ‘ಅಜ್ಜ ಸತ್ತುಹೋದರು, ಇನ್ನು ಬರುವುದಿಲ್ಲ, ನಾವೆಲ್ಲ ನಿನ್ನ ಜೊತೆ ಇದ್ದೇವೆ’ ಎಂದು ಇದ್ದದ್ದನ್ನೇ ಹೇಳಿ. ಅವರು ಅದೇ ಪ್ರಶ್ನೆಯನ್ನು ಹತ್ತು ಸಲ ಕೇಳಿದರೆ ಹತ್ತು ಸಲವೂ ಅದೇ ಉತ್ತರ ಕೊಡಿ.